ಅತ್ತೆಯ ಹೆಸರಿನ ಪಾಲಿಸಿ

ಮೂರು ವರ್ಷದ ಹಿಂದಿನ ಫೆಬ್ರವರಿ. ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಟೀಚರ್. ಆದಾಯ ತೆರಿಗೆಯ ಫಾರ್ಮ್ ತುಂಬುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಸವಿತಾ, "ನಮ್ಮಮ್ಮನ ಹೆಲ್ತ್ ಇನ್ಶೂರೆನ್ಸ್ ನಾನೇ ಕಟ್ತೀನಲ್ಲ ಕಣೇ, ಅದಕ್ಕೇ ನಂಗೆ ಟ್ಯಾಕ್ಸ್ ಕಮ್ಮಿ" ಎಂದು ನಕ್ಕಳು. ಇಬ್ಬರಿಗೂ ಒಂದೇ ಸಂಬಳ. ಹೊಟ್ಟೆ ಉರಿದುಹೋಯಿತು. ಇವಳಿಗೆ ತೆರಿಗೆಯೂ ಕಡಿಮೆ, ಮೇಲೆ ಅಮ್ಮನೂ ಇದ್ದಾರೆ! ನನ್ನ ಅಪ್ಪ ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು.

ಅಮ್ಮ ಇಲ್ಲದಿದ್ದರೇನು, ಅತ್ತೆ ಇದ್ದಾರಲ್ಲ! ಯಾರನ್ನೂ ಕೇಳದೆ ಏಪ್ರಿಲ್‌ನಲ್ಲೇ ಅವರ ಹೆಸರಿಗೆ ಪಾಲಿಸಿ ಮಾಡಿಸಿದೆ. ಮುಂದಿನ ಫೆಬ್ರವರಿಯಲ್ಲಿ ಸವಿತಾಗೆ ಕಾಣುವ ಹಾಗೆ ರಸೀದಿ ಹಿಡಿದು ಗುಮಾಸ್ತರ ಮೇಜಿಗೆ ಹೋದೆ.

"ಮೇಡಂ, ಅತ್ತೇದು ಬರಲ್ಲ. ನಿಮ್ಮ ತಂದೆ-ತಾಯಿದಾಗಿದ್ರೆ ಬರ್ತಿತ್ತು. ನಿಮ್ಮ ಯಜಮಾನ್ರು ಟ್ಯಾಕ್ಸ್ ಕಟ್ಟೋರಾಗಿದ್ದು, ಅವರೇ ಪ್ರೀಮಿಯಂ ಕಟ್ಟಿದ್ರೆ ತೋರಿಸ್ಬೋದಿತ್ತು" ಎಂದರು.

ನಮ್ಮ ಯಜಮಾನರು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುವವರು. ತೆರಿಗೆ ಕಟ್ಟುವಷ್ಟು ಆದಾಯವೆಲ್ಲಿ?

ಹಿಂದೆಯೇ ನಿಂತಿದ್ದ ಸವಿತಾ, "ಅಯ್ಯೋ, ಒಂದ್ ಮಾತು ನನ್ನ ಕೇಳ್ಬಾರ್ದಿತ್ತೇನೇ?" ಎಂದಳು. ಕೇಳಬೇಕಂತೆ, ಇವಳನ್ನು!

ಹಾಳಾಗಿ ಹೋಗಲಿ, ಈ ಸಲ ಪಾಲಿಸಿ ನಿಲ್ಲಿಸಿಯೇಬಿಡುತ್ತೇನೆ ಎಂದು ಬುಸುಗುಡುತ್ತಾ ಮನೆಗೆ ಬಂದೆ. ಅತ್ತೆ ಪಕ್ಕದ ಮನೆಯ ಲಕ್ಷ್ಮಮ್ಮನ ಜೊತೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಬಾಗಿಲಾಚೆಗೇ ಮಾತು ಕೇಳಿಸಿತು.

"ಹೊಟ್ಟೇಲಿ ಹುಟ್ಟಿದೋರಿಗೆ ಹೊಳೀಲಿಲ್ಲ ಕಣಮ್ಮ, ನನ್ ಸೊಸೆಗೆ ಹೊಳೀತು. ಅತ್ತೆಗೆ ನಾಳೆ ಏನಾದ್ರೂ ಆದ್ರೆ ಅಂತ ಯಾರ್ ಯೋಚ್ನೆ ಮಾಡ್ತಾರೆ ಹೇಳು?" ಎಲೆ ಅಡಿಕೆ ಚೀಲದಿಂದ ಇನ್ಶೂರೆನ್ಸ್ ಕಾರ್ಡ್ ತೆಗೆದು, ಕೈ ಒರೆಸಿಕೊಂಡು ತೋರಿಸಿದರು.

"ಪುಣ್ಯ ಮಾಡಿದ್ದೆ ಬಿಡಕ್ಕ. ನಮ್ಮನೇಲೂ ಇದಾಳೆ ಒಬ್ಳು!" ಎಂದರು ಲಕ್ಷ್ಮಮ್ಮ.

ನನಗೆ ಒಳಗೆ ಹೋಗಲು ಮುಖವಿರಲಿಲ್ಲ. ಚಪ್ಪಲಿ ಬಿಡದೆ ಹಾಗೇ ಜಗಲಿಯ ಮೇಲೆ ಕೂತೆ.

ಪಾಲಿಸಿ ನಿಲ್ಲಿಸಲಿಲ್ಲ. ಈಗಲೂ ಕಟ್ಟುತ್ತಿದ್ದೇನೆ, ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಸವಿತಾ ಫಾರ್ಮಿನಲ್ಲಿ ಅವಳ ಅಮ್ಮನ ಪ್ರೀಮಿಯಂ ಬರೆಯುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ? ಆದರೆ ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ನನಗೆ ಅತ್ತೆ ಊರೆಲ್ಲ ಹೊಗಳಿಕೊಂಡು ಬರುವ ಆ ಸೊಸೆಯ ಮೇಲೆ. ಅವಳು ನಾನಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು.