ಕೆಂಚಿ ನಿಲ್ಲುತ್ತಿದ್ದ ಜಾಗ

ಯಾರಾದರೂ ದೆವ್ವದ ಮಾತೆತ್ತಿದರೆ ‘ಎಷ್ಟು ಗಂಟೆಗೆ? ನೋಡಿದವರೆಷ್ಟು?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗ ನೀವು ನನಗೂ ಅದನ್ನೇ ಕೇಳಬಹುದು. ಗಂಟೆ ನನ್ನ ಡೈರಿಯಲ್ಲಿದೆ. ನೋಡಿದವರು ಇಬ್ಬರು.

ನಾಲ್ಕು ವರ್ಷದ ಹಿಂದೆ ಬಿಜ್ಜರಗಿಯ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ್ದೆವು. ಕುರಿಗಾರ್ತಿ ಮಾಳವ್ವನ ಬಳಿ ಸಾಮಾನು ಹೊರಲು ಮೂರು ಕುದುರೆ, ಜೊತೆಗೊಂದು ಮರಿ ಇದ್ದವು. ಜೋರಾಪುರ ಪೇಟೆಯಿಂದ ದಿನವೂ ಬೈಕಿನಲ್ಲಿ ಹೋಗುತ್ತಿದ್ದ ನಾನು, ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತು ಯಾವ ಕುದುರೆ ಎಷ್ಟು ಹೊತ್ತು ಮಲಗುತ್ತದೆಂದು ಬರೆದಿಡುತ್ತಿದ್ದೆ.

“ಸಣ್ಣ ಸಾವ್ಕಾರ್ರ, ಕುದುರಿಗೂ ಹಾಜರಿ ಹಾಕ್ತೀರೇನ್ರಿ?” ಎಂದು ಮಾಳವ್ವ ನಗುತ್ತಿದ್ದಳು.

ಒಂಬತ್ತು ದಿನದ ಲೆಕ್ಕದಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ಅವು ಎಲ್ಲವೂ ಒಟ್ಟಿಗೆ ಮಲಗುವುದಿಲ್ಲ. ಮುದಿ ಹೆಣ್ಣುಕುದುರೆ ಕೆಂಚಿ ಬದುವಿನ ಜಾಲಿಮರದ ಕೆಳಗೆ ಕಿವಿ ನಿಗುರಿಸಿ ನಿಂತರೆ ಮಾತ್ರ ಉಳಿದವು ನೆಲಕ್ಕೊರಗುತ್ತಿದ್ದವು. ಅವಳು ಒಮ್ಮೆ ಬುಸುಗುಟ್ಟಿದರೆ ಸಾಕು, ಎಲ್ಲವೂ ಅವಳತ್ತ ನೋಡಿ ಎದ್ದುಬಿಡುತ್ತಿದ್ದವು.

ಹತ್ತನೆಯ ದಿನ ಕೆಂಚಿ ಹೊಟ್ಟೆ ಉಬ್ಬಿ ಸತ್ತಳು. ಆಮೇಲೆ ನಾಲ್ಕು ದಿನ ಒಂದೂ ಮಲಗಲಿಲ್ಲ. ರಾತ್ರಿಯೂ ಇಲ್ಲವೆಂದು ಮಾಳವ್ವ ಹೇಳಿದಳು. ಕೆಂಚಿಯ ಮರಿಯಂತೂ ನಿಂತಲ್ಲೇ ತೂಕಡಿಸಿ ಮುಗ್ಗರಿಸುತ್ತಿತ್ತು. ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಐದನೆಯ ದಿನ ಬಂತು. ಮರುದಿನ ಹಿಂಡು ಕನಮಡಿಯತ್ತ ಹೊರಡಬೇಕು.

“ಇದು ನಡಿಯಂಗಿಲ್ರಿ. ಬಿಟ್ಟು ಹೋದ್ರ ನಾಯಿ ಪಾಲು,” ಎಂದಳು ಮಾಳವ್ವ, ಮರಿಯ ಕುತ್ತಿಗೆ ಸವರುತ್ತ.

ಅಂದು ಮಧ್ಯಾಹ್ನ 1:20ಕ್ಕೆ ಎರಡೂ ಕುದುರೆಗಳು ಮಲಗಿದವು. ಮರಿಯೂ ಕಾಲು ಚಾಚಿ ಮಲಗಿತು. ಕಾವಲಿಗೆ ಒಂದೂ ನಿಂತಿರಲಿಲ್ಲ. ನಾನು ಗಾಬರಿಯಿಂದ ಮಾಳವ್ವನತ್ತ ನೋಡಿದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು.

2:05ಕ್ಕೆ ಮೂರೂ ಒಮ್ಮೆಲೇ ತಲೆ ಎತ್ತಿ, ಜಾಲಿಮರದ ಕೆಳಗಿನ ಖಾಲಿ ಜಾಗದತ್ತ ನೋಡಿ, ಎದ್ದು ನಮ್ಮತ್ತ ಓಡಿಬಂದವು. ನನಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಆಮೇಲಷ್ಟೇ ಜಾಲಿಗೆ ಎದುರು ದಿಕ್ಕಿನ ದ್ರಾಕ್ಷಿ ಸಾಲುಗಳಿಂದ ಐದು ನಾಯಿಗಳು ಹೊರಬಂದವು. ಮಾಳವ್ವ ಬಡಿಗೆ ಬೀಸಿ ಅಟ್ಟಿದಳು.

ಮರುದಿನ ಮರಿ ಕನಮಡಿಯತ್ತ ನಡೆದೇ ಹೋಯಿತು.

ಸುಸ್ತಾಗಿ ಮಲಗಿರಬೇಕು, ನಾಯಿಗಳ ವಾಸನೆಗೆ ಎದ್ದಿರಬೇಕು ಎಂದರು ನನ್ನ ಪರಿಚಯದ ಪಶುವೈದ್ಯರು. ಇರಬಹುದು. ಆದರೆ ನಾಯಿಗಳಿದ್ದ ದಿಕ್ಕು ಬಿಟ್ಟು ಜಾಲಿಯತ್ತ ಏಕೆ ನೋಡಿದವು? ನನ್ನ ಡೈರಿಯ ಪಟ್ಟಿಯಲ್ಲಿ ‘ಕಾವಲಿಗೆ ನಿಂತದ್ದು’ ಎಂಬ ಸಾಲಿನಲ್ಲಿ ಆ ದಿನ ಏನು ಬರೆಯಲೆಂದು ಕೇಳಿದಾಗ ಮಾಳವ್ವ, “ಗೊತ್ತಿದ್ದೂ ಕೇಳ್ತೀರಲ್ರಿ,” ಎಂದಿದ್ದಳು. ನನಗೆ ಗೊತ್ತಿಲ್ಲ. ಇನ್ನೂ ಬರೆದಿಲ್ಲ.

ಈಗ ಹೊಲಕ್ಕೆ ಹೋದಾಗ ಬೇವು ಬಿಟ್ಟು ಆ ಜಾಲಿಯ ಹತ್ತಿರವೇ ಅಡ್ಡಾಗುತ್ತೇನೆ. ಏಕೋ, ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ.