ಮುರಿದದ್ದು ಯಾರ ವಿನಯ?

ಕರಜಗಿಯ ರೇವಮ್ಮನಿಗೆ ಕುರಿ ನೋಡಿದ ಕಣ್ಣಿನಿಂದಲೇ ಮನುಷ್ಯರನ್ನೂ ನೋಡುವ ಚಟ. ಅರವತ್ತರ ಆಯುಷ್ಯದಲ್ಲಿ ಮುಕ್ಕಾಲು ಪಾಲು ಹಿಂಡಿನ ಹಿಂದೆಯೇ ನಡೆದವಳಿಗೆ ಬೇರೆ ಕಣ್ಣು ಎಲ್ಲಿಂದ ಬರಬೇಕು? ಕುರಿ ಬಾಯಿಬಿಟ್ಟು ಹೇಳುವುದಿಲ್ಲ. ಅದು ಯಾವ ಮಗ್ಗುಲನ್ನು ಮುಟ್ಟಗೊಡುವುದಿಲ್ಲವೋ ಅಲ್ಲೇ ಗಾಯ. ಮೊಮ್ಮಗಳು ಸಪ್ನಾಳ ಗಾಯವನ್ನೂ ರೇವಮ್ಮ ಹಾಗೆಯೇ ಕಂಡುಹಿಡಿದಳು.

ಸಪ್ನಾ ಅಕ್ಕಲಕೋಟೆಯಲ್ಲಿ ಹನ್ನೊಂದನೆಯ ಇಯತ್ತೆ ಓದುತ್ತಿದ್ದಳು. ಹೋಗುವುದು ಬರುವುದು ಮರಾಠಿ ಸರಕಾರದ ಎಸ್‌ಟಿ ಬಸ್ಸಿನಲ್ಲಿ. ದೀಪಾವಳಿ ರಜೆ ಮುಗಿದ ಮೇಲೆ ಹುಡುಗಿ ಬೆನ್ನಿಗೆ ಹಾಕುತ್ತಿದ್ದ ಪುಸ್ತಕದ ದಪ್ತರವನ್ನು ಎದೆಗೆ ಅವುಚಿಕೊಂಡು ಹೊರಡತೊಡಗಿದಳು. ಬಿಸಿಲಿನಲ್ಲೂ ಸ್ವೆಟರು. ಏಳೂವರೆಯ ಬಸ್ಸು ಬೇಡ, ಆರರ ಬಸ್ಸಿಗೇ ಹೋಗುತ್ತೇನೆಂಬ ಹಟ. ಅದು ತಪ್ಪಿದ ದಿನ ತಲೆನೋವು.

"ಯಾಂವವಾ ಅಂವಾ?" ರೊಟ್ಟಿ ಬಡಿಯುತ್ತಲೇ ಕೇಳಿಬಿಟ್ಟಳು ರೇವಮ್ಮ.

ಸಪ್ನಾ ಯಾರೂ ಇಲ್ಲವೆಂದಳು. ಆಮೇಲೆ ಅತ್ತಳು. ಅತ್ತು ಮುಗಿಸಿ ಹೇಳಿದಳು, "ಆಯಿ, ಅಪ್ಪಗ ಹೇಳಬ್ಯಾಡ. ಸಾಲಿ ಬಿಡಸ್ತಾನ. ಅಕ್ಕನಾಗಮ್ಮತ್ತಿ ಹೇಳಿದ್ಲಲ್ಲ, ಆಕೀಗಿ ನೀವೇನ ಮಾಡಿದ್ರಿ?"

ರೇವಮ್ಮನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಅಕ್ಕನಾಗಮ್ಮ ಅವಳ ಮಗಳು. ಏಳನೆಯ ಇಯತ್ತೆಯಲ್ಲಿದ್ದಾಗ, ಸಾಲಿ ದಾರಿಯಲ್ಲಿ ಒಬ್ಬ ಕೈ ಹಾಕಿದನೆಂದು ಬಂದು ಹೇಳಿದ್ದಳು. ರೇವಮ್ಮ ಅವನನ್ನು ಏನೂ ಕೇಳಲಿಲ್ಲ. ಮಗಳ ದಪ್ತರವನ್ನು ತಾನೇ ಅಟ್ಟದ ಮೇಲಿಟ್ಟಳು, ಮರುವರ್ಷವೇ ಮಂದ್ರೂಪಕ್ಕೆ ಲಗ್ನ ಮಾಡಿಕೊಟ್ಟಳು. ಮಾನ ಉಳಿಯಿತು ಎಂದು ಹೇಳಿಕೊಂಡಳು ಕೂಡ. ಕೈ ಹಾಕಿದ ಆ ಪುಣ್ಯಾತ್ಮ ಲಗ್ನದ ಊಟಕ್ಕೂ ಬಂದು, ಎರಡೆರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡು ಹೋದ! ಬಡಿಸಿದವಳು ರೇವಮ್ಮನೇ.

"ಅಪ್ಪಗ ನಾ ಹೇಳಂಗಿಲ್ಲ," ಎಂದಳು ರೇವಮ್ಮ. "ನಾಳಿ ಏಳೂವರಿ ಬಸ್ಸಿಗಿ ಹೋಗೂಣು. ನಾನೂ ಬರ್ತೀನಿ."

ಮರುದಿನ ಬಸ್ಸು ಕಿಕ್ಕಿರಿದಿತ್ತು. ಸಪ್ನಾ ಕಂಬ ಹಿಡಿದು ನಿಂತಳು, ರೇವಮ್ಮ ಅಲ್ಲೇ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು, ಯಾರೋ ಎಂಬಂತೆ ಕೂತಳು. ತಡವಳದ ಕಡೆಯಿಂದಲೇ ಬಸ್ಸಿನಲ್ಲಿದ್ದ ಒಬ್ಬ ದೊಡ್ಡಮನುಷ್ಯ ಜನರನ್ನು ಸರಿಸುತ್ತ ಸಪ್ನಾಳ ಬೆನ್ನ ಹಿಂದೆ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ತುಂಬ ಭಂಡಾರದ ಅರಿಸಿನ. ಹೆಸರು ಧರ್ಮರಾಜ, ಇಟ್ಟವರ ತಪ್ಪಲ್ಲ ಬಿಡಿ. ಬಸ್ಸಿನಲ್ಲಿ ಅರ್ಧ ಜನ ಅವನಿಗೆ ನಮಸ್ಕಾರ ಹೇಳುವವರೇ. ಮೊದಲ ತಿರುವಿನಲ್ಲಿ ಅವನ ಕೈ ಕಂಬ ಬಿಟ್ಟು ಕೆಳಗಿಳಿಯಿತು.

ಓಡುವ ಟಗರಿನ ಹಿಂಗಾಲು ಹಿಡಿದು ರೂಢಿಯಾದ ಕೈ ರೇವಮ್ಮನದು. ಅವನ ಮಣಿಕಟ್ಟಿಗೆ ಅದು ಬಿದ್ದ ಮೇಲೆ ಬಿಡಿಸಿಕೊಳ್ಳುವುದು ಸುಮ್ಮನೆ ಮಾತಲ್ಲ.

"ಏ ಮುದುಕಿ, ಹುಚ್ಚ ಹಿಡದೈತೇನು? ಗರ್ದಿ ಐತಿ, ತಗಲಿರಬೇಕು!"

"ಗರ್ದಿ ನನಗೂ ಐತಿ. ನನ್ನ ಕೈ ಯಾರಿಗೂ ತಗಲಿಲ್ಲಲ್ಲ?" ಎಂದಳು ರೇವಮ್ಮ.

ಕಂಡಕ್ಟರ್ ಇಂದುಬಾಯಿ ಒಮ್ಮೆ ಹುಡುಗಿಯ ಮುಖ ನೋಡಿದಳು. ಹೆಚ್ಚು ಕೇಳಲಿಲ್ಲ. ಡ್ರೈವರನಿಗೆ ಕೂಗಿ ಹೇಳಿದಳು, "ಮಾಮಾ, ಎಲ್ಲೂ ನಿಂದ್ರಸಬ್ಯಾಡ. ಸೀದಾ ಠಾಣೆಕ್ಕ ಹೊಡಿ."

ಠಾಣೆಯಲ್ಲಿ ಕಾಗದ ಬರೆಯಲು ಕೂತವಳು ಪ್ರಾಜಕ್ತಾ ಎಂಬ ಎಳೆಯ ಪೊಲೀಸಿನವಳು. ಮರಾಠಿ ಮಾತಿನವಳೇ, ಆದರೆ ತಾಯಿಯ ತವರಿನ ಕನ್ನಡ ಬಾಯಲ್ಲಿತ್ತು. ಅಷ್ಟರಲ್ಲಿ ಸುದ್ದಿ ಸಿಕ್ಕು ಸಪ್ನಾಳ ಅಪ್ಪ ಸಿದ್ದಣ್ಣ ಮೋಟರ್‌ಸೈಕಲ್ಲು ಹೊಡೆದುಕೊಂಡು ಬಂದಿದ್ದ. ಅವನ ಮುಖದಲ್ಲಿ ಸಿಟ್ಟಿಗಿಂತ ನಾಚಿಕೆ ಜಾಸ್ತಿ. ಸಪ್ನಾ ಅವನ ಕಡೆ ನೋಡಲೇ ಇಲ್ಲ.

"ಹುಡುಗಿ ಸಣ್ಣಾಕಿ. ಫಿರ್ಯಾದಿ ನಿಮ್ಮ ಹೆಸರಲೇ ಬರದೀನಿ," ಎಂದಳು ಪ್ರಾಜಕ್ತಾ. "ವಿನಯಭಂಗದ ಗುನ್ಹಾ. ಇಲ್ಲಿ ಸಹಿ ಮಾಡ್ರಿ, ಆಜಿ."

ರೇವಮ್ಮ ಪೆನ್ನು ಕೆಳಗಿಟ್ಟಳು.

"ನೋಡ್ರಿ ಮ್ಯಾಡಂ," ಎಂದ ಸಿದ್ದಣ್ಣ, ಉಸಿರು ಬಂದವನಂತೆ. "ಅವ್ವಗೂ ಬ್ಯಾಡಾಗೈತಿ. ಬಿಟ್ಟಬಿಡ್ರಿ."

"ಯವ್ವಾ, ಹಿಂಗ್ಯಾಕ ಬರದಿ?" ರೇವಮ್ಮ ಕಾಗದವನ್ನು ಪ್ರಾಜಕ್ತಾಳತ್ತ ಸರಿಸಿದಳು. "ನಮ್ಮ ಹುಡುಗಿ ಏನ ವಿನಯ ಭಂಗ ಮಾಡ್ಯಾಳ? ತಲಿ ತಗ್ಗಿಸಿ ಹೋಗ್ತಾಳ, ತಲಿ ತಗ್ಗಿಸಿ ಬರ್ತಾಳ. ಅಂವಾ ಕೈ ಹಾಕಿದ್ರ ಈಕಿ ಮ್ಯಾಲ ಗುನ್ಹಾ?"

ರೇವಮ್ಮ ಕನ್ನಡ ಸಾಲೆಯಲ್ಲಿ ಮೂರನೆಯ ಇಯತ್ತೆ ಕಲಿತವಳು. ಅಲ್ಲಿ ವಿನಯವೆಂದರೆ ಕೈಕಟ್ಟಿ, ತಲೆ ಬಗ್ಗಿಸಿ ನಿಲ್ಲುವುದು; ನಿಲ್ಲದವರಿಗೆ ಛಡಿ ಏಟು. ಪ್ರಾಜಕ್ತಾಳಿಗೆ ನಗು ಬಂತು, ಆ ಮುಖ ನೋಡಿ ಅರ್ಧಕ್ಕೇ ನಿಂತಿತು.

"ಇಲ್ರಿ ಆಜಿ. ಮರಾಠಿ ಕಾಯ್ದಾದಾಗ ಹಂಗಂತಾರ. ಹೆಣ್ಣಮಗಳ ಮರ್ಯಾದಿ ಅಂವಾ ಮುರದಾನ ಅಂತ ಅರ್ಥ."

"ಅಂದ್ರ ಮುರದದ್ದು ಈಕೀದು?"

"ಕಾಗದದಾಗ ಹಂಗ."

"ಹಂಗಾರ ಕಾಗದ ಸುಳ್ಳ ಹೇಳ್ತೈತಿ. ಈಕೀದು ಒಂದ ಕೂದಲನೂ ಮುರದಿಲ್ಲ. ಮುರದದ್ದು ಆ ಭಾಡ್ಯಾನ ವಿನಯ. ಹಂಗಂತ ಬರಿ, ಸಹಿ ಮಾಡ್ತೀನಿ."

ಪ್ರಾಜಕ್ತಾ ಪೆನ್ನು ಎತ್ತಿಕೊಂಡಳು. "ಕಾಯ್ದಾದ ಕಲಮಿನ ಹೆಸರು ನನ್ನ ಕೈಯಾಗಿಲ್ರಿ. ಆದ್ರ ಜಬಾನಿ ನಿಮ್ದು. ನೀವು ಅಂದದ್ದು ಅಂದಂಗ ಬರೀತೀನಿ." ಬರೆದಳು, ಕನ್ನಡದಲ್ಲಿ ಓದಿಯೂ ಹೇಳಿದಳು. ರೇವಮ್ಮ ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಮಾಡಿದಳು.

ಹೊರಗೆ ಬಂದದ್ದೇ ತಡ, ಸಿದ್ದಣ್ಣ ಸಿಡಿದ. "ಆತಿಲ್ಲ ನಿಮ್ಮ ಸಮಾಧಾನ? ನಾಳಿಂದ ಈಕೀ ಸಾಲಿ ಬಂದ್."

ಸಪ್ನಾ ದಪ್ತರವನ್ನು ಮತ್ತೆ ಎದೆಗೆ ಅವುಚಿಕೊಂಡಳು. ರೇವಮ್ಮ ಸೊಂಟದ ಚೀಲದಿಂದ ಮೊಬೈಲು ತೆಗೆದು ಮಂದ್ರೂಪದ ಮಗಳಿಗೆ ಹಚ್ಚಿದಳು. ಕಿವಿ ಮಂದವಾದ್ದರಿಂದ ಅವಳ ಫೋನು ಯಾವಾಗಲೂ ಸ್ಪೀಕರಿನ ಮೇಲೆಯೇ. ನಡೆದದ್ದನ್ನೆಲ್ಲ ಹೇಳಿ, ಕೊನೆಗೆ, "ತಪ್ಪಾತವಾ ಅಕ್ಕನಾಗಿ," ಎಂದಳು. "ಅವತ್ತ ನಾ ಅವನ ಕೈ ಹಿಡೀಬೇಕಿತ್ತು. ನಿನ್ನ ದಪ್ತರ ಹಿಡದೆ."

"ಯವ್ವಾ," ಎಂದಳು ಅಕ್ಕನಾಗಮ್ಮ. "ನನ್ನ ದಪ್ತರ ಇನ್ನೂ ಅಟ್ಟದ ಮ್ಯಾಲನ ಐತೇನು?"

"ಐತವಾ. ಒಗಿಯಾಕ ಕೈ ಬರಲಿಲ್ಲ."

ಸಿದ್ದಣ್ಣ ಅತ್ತ ಮುಖ ತಿರುಗಿಸಿದ. ತಂಗಿಯ ದಪ್ತರ ಅಟ್ಟ ಸೇರಿದ ದಿನ ಅವನು ಒಂಬತ್ತನೆಯ ಇಯತ್ತೆಯಲ್ಲಿದ್ದ. ಕಂಡೂ ಕಾಣದವನಂತೆ ತನ್ನ ದಪ್ತರ ಹೆಗಲಿಗೆ ಹಾಕಿಕೊಂಡು ಸಾಲೆಗೆ ಹೋಗಿದ್ದ. ಈಗ ಗಾಡಿಯ ಕೀಲಿ ತಿರುವುತ್ತ ಅಂದ, "ನಾಳಿ ಏಳೂವರಿ ಬಸ್ಸಿಗಿ ನಾನ ಬಂದು ಹತ್ತಸ್ತೀನಿ."

"ಹತ್ತಾಕ ಆಕೀಗಿ ಬರ್ತೈತಪಾ," ಎಂದಳು ರೇವಮ್ಮ. "ನೀ ಇಳಸಬ್ಯಾಡ. ಅಷ್ಟ ಮಾಡು."