ಅಪ್ಪ ಕೊರೆದ ಕಡಲು

ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ನನ್ನ ಪ್ರಾಜೆಕ್ಟಿಗೆ ಕಂಪ್ಲಿಯ ಭತ್ತದ ಗದ್ದೆಗಳ ಕೆಸರು ಬೇಕಾಗಿತ್ತು. ಹೊಸಪೇಟೆಯಿಂದ ಅಪ್ಪನೇ ತನ್ನ ಹಳೆಯ ಬೈಕಿನ ಮೇಲೆ ಕರೆದುಕೊಂಡು ಹೋಗುತ್ತಿದ್ದ. ಸಂಡೂರಿನ ಗಣಿಯೊಂದರಲ್ಲಿ ಇಪ್ಪತ್ತಾರು ವರ್ಷ ಡ್ರಿಲ್ ಮಷಿನ್ ಹಿಡಿದಿದ್ದವನು ಅವನು. ಗಣಿ ನಿಂತ ಮೇಲೆ ಮನೆಯಲ್ಲಿದ್ದ. ಕೆಮ್ಮೊಂದು ಬಿಟ್ಟರೆ ಗಟ್ಟಿಯಾಗಿಯೇ ಇದ್ದಾನೆ ಎಂದು ನಾವೆಲ್ಲ ನಂಬಿದ್ದೆವು.

ನೀರು ನಿಂತ ಗದ್ದೆಯಲ್ಲಿ ನಾನು ಕಾಲಿಟ್ಟ ಕಡೆಯೆಲ್ಲ ಬುಳುಬುಳು ಗುಳ್ಳೆ ಏಳುತ್ತಿದ್ದವು. ಬದುವಿನ ಮೇಲೆ ಕೂತಿದ್ದ ಅಪ್ಪ ಬಗ್ಗಿ ನೋಡಿದ.

"ಏನವ್ವಾ, ಕೆಸರು ಉಸಿರಾಡ್ತೈತೇನು?"

"ಒಳಗ ಜೀವ ಅದಾವಪ್ಪ, ಕಣ್ಣಿಗೆ ಕಾಣಂಗಿಲ್ಲ. ಅವು ಬಿಟ್ಟ ಗ್ಯಾಸು ಅದು."

"ಬ್ಯಾಕ್ಟೀರಿಯಾನಾ?"

"ನೋಡಾಕ ಹಂಗ ಅದಾವು. ಆದ್ರ ಅಲ್ಲ. ಆರ್ಕಿಯಾ ಅಂತಾರ. ಅವುಗಳ ಕುಲಾನೇ ಬ್ಯಾರೆ. ಸಮುದ್ರದ ತಳದ ಕೆಸರಿನಾಗ ಇವುಗಳ ಬಳಗ ಭಾಳ ಐತಿ."

"ನೋಡಾಕ ಒಂದ ಥರ ಅದಾವಂದ್ರ, ಬ್ಯಾರೆ ಅಂತ ಹೆಂಗ ಗೊತ್ತಾತು?"

ಆ ಪ್ರಶ್ನೆಯನ್ನು ನನ್ನ ಕ್ಲಾಸಿನಲ್ಲಿ ಒಬ್ಬರೂ ಕೇಳಿರಲಿಲ್ಲ. ವಿಜ್ಞಾನಿಗಳೂ ಬಹಳ ಕಾಲ ಮೋಸಹೋಗಿದ್ದರು, ಜೀವಕೋಶದೊಳಗಿನ ಬರಹವನ್ನು ಓದಲು ಕಲಿತ ಮೇಲೆಯೇ ಗುಟ್ಟು ತಿಳಿಯಿತು, ಆ ಲೆಕ್ಕದಲ್ಲಿ ಆರ್ಕಿಯಾ ನಮಗೇ ಹತ್ತಿರದ ಸಂಬಂಧ ಎಂದೆಲ್ಲ ಹೇಳಿದೆ. ಅಷ್ಟರಲ್ಲಿ ಗದ್ದೆಯ ಯಜಮಾನರು ಬಂದು, "ಮಣ್ಣು ಪರೀಕ್ಷಾ ಮಾಡಾಕ ಬಂದೀರೇನ್ರಿ?" ಎಂದರು. ಅಪ್ಪ ಎದ್ದು ನಿಂತು, "ಇಲ್ರಿ, ನಮ್ಮ ಮಗಳು ಕೆಸರಿನ ಡಾಕ್ಟರ್ ಆಗಾಕ ಹತ್ಯಾಳ" ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಮುಂದೆ ನನಗೆ ಪಶ್ಚಿಮ ಕರಾವಳಿಯ ಸಂಸ್ಥೆಯೊಂದರಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತು. ರಜೆಗೆ ಮನೆಗೆ ಬಂದಾಗ ಒಮ್ಮೆ, ಅಪ್ಪ ಗಣಿಯಿಂದ ತಂದು ಬಾಗಿಲಿಗೆ ಆನಿಸಲು ಇಟ್ಟಿದ್ದ ಕಲ್ಲನ್ನು ತೊಳೆದು ಅವನ ಮುಂದಿಟ್ಟೆ. ಅದರ ಮೈತುಂಬ ಕೆಂಪು, ಕಪ್ಪು ಪಟ್ಟೆಗಳು.

"ಅಪ್ಪಾ, ಇದು ಸಮುದ್ರದ ತಳ" ಎಂದೆ.

ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಮಾತು. ಗಾಳಿಯಲ್ಲಿ ಆಗ ಆಮ್ಲಜನಕವೇ ಇರಲಿಲ್ಲ. ಕಬ್ಬಿಣ ಕಡಲಿನ ನೀರಿನಲ್ಲಿ ಕರಗಿಕೊಂಡಿತ್ತು. ಬಿಸಿಲನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾ ಹುಟ್ಟಿಕೊಂಡವು. ಅವು ಉಸಿರಿನಂತೆ ಹೊರಬಿಟ್ಟ ಆಮ್ಲಜನಕ ತಗುಲಿ ಕಬ್ಬಿಣ ತುಕ್ಕಾಯಿತು, ತಳಕ್ಕಿಳಿಯಿತು, ಪದರದ ಮೇಲೆ ಪದರ ಕೂತು ಕಲ್ಲಾಯಿತು. ಭೂಮಿ ಮಡಚಿಕೊಂಡು ಮೇಲೆದ್ದಾಗ ಅದೇ ಸಂಡೂರಿನ ಗುಡ್ಡಸಾಲು. ಇಷ್ಟನ್ನೂ ಅಪ್ಪ ಕಣ್ಣು ಮಿಟುಕಿಸದೆ ಕೇಳಿದ.

"ಹಂಗಾರ ನಾ ಇಪ್ಪತ್ತಾರು ವರ್ಷ ಸಮುದ್ರದಾಗ ಕೆಲಸ ಮಾಡೀನಿ ಅನ್ನು" ಎಂದು ನಕ್ಕ. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲಿಲ್ಲ. ಅವ್ವ ನೀರು ತಂದಳು. ಸುಧಾರಿಸಿಕೊಂಡ ಮೇಲೆ ಅವನು ಹೇಳಿದ್ದು ಒಂದೇ ಮಾತು: "ನೀರಿರೋ ಸಮುದ್ರ ಒಮ್ಮಿ ತೋರಸವ್ವ. ನಾ ನೋಡೇ ಇಲ್ಲ."

ಆಯಿತು, ಕಡಲತಳದ ಕೆಸರು ತರಲು ಸಂಶೋಧನಾ ಹಡಗಿನಲ್ಲಿ ಹೋಗುವುದಿದೆ, ಅಲ್ಲಿಂದ ಬಂದ ಕೂಡಲೇ ಕರೆದುಕೊಂಡು ಹೋಗುತ್ತೇನೆ ಎಂದೆ.

ಆ ಹೊತ್ತಿಗೆ ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ನೋಡಿ ಆಗಿತ್ತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಗಂಟುಗಟ್ಟಿದೆ, ಅದನ್ನು ಕರಗಿಸುವ ಔಷಧಿ ಇಲ್ಲ ಎಂದಿದ್ದರು. ನಾಲ್ಕೇ ತಿಂಗಳಲ್ಲಿ ಮನೆಗೆ ಆಕ್ಸಿಜನ್ ಮಷಿನ್ ಬಂತು. ನಾನು ಹಡಗಿಗೆ ಹೊರಡುವ ದಿನ ಅವನು ಮೂಗಿನ ಪೈಪನ್ನು ತೋರಿಸಿ, "ಹೋಗಿ ಬಾ. ನಾ ಎಲ್ಲಿ ಹೊಕ್ಕೀನಿ? ಇದಕ್ಕ ಕಟ್ಟಿ ಹಾಕ್ಯಾರ" ಎಂದ. ಅವನ ಉಗುರುಗಳು ನೀಲಿಗಟ್ಟಿದ್ದವು. ಜೀವಶಾಸ್ತ್ರ ಓದಿದವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೊತ್ತಿದ್ದೂ ಹೋದೆ.

ಹಡಗಿನಿಂದ ವಾರಕ್ಕೊಮ್ಮೆ ಐದು ನಿಮಿಷ ಮಾತಾಡಬಹುದಿತ್ತು. ಪ್ರತಿ ಸಲ ತಮ್ಮನೇ ಫೋನು ಎತ್ತುತ್ತಿದ್ದ. "ಅರಾಮ ಅದಾನ, ಮಲಗ್ಯಾನ" ಎನ್ನುತ್ತಿದ್ದ. ನಾನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು.

ಮೂರನೆಯ ವಾರದ ಒಂದು ಬೆಳಿಗ್ಗೆ, ಕಡಲತಳಕ್ಕೆ ಇಳಿಬಿಟ್ಟಿದ್ದ ಉದ್ದನೆಯ ಕೊಳವೆ ಕೆಸರು ತುಂಬಿಕೊಂಡು ಮೇಲೆ ಬಂತು. ನಾನು ಎರಡು ವರ್ಷದಿಂದ ಕಾದಿದ್ದ ಕೆಸರು ಅದು. ಆಗಲೇ ಹಡಗಿನ ಮುಖ್ಯ ವಿಜ್ಞಾನಿ ನನ್ನನ್ನು ಕರೆದು ಕೂರಿಸಿದರು. ತಮ್ಮನ ಸಂದೇಶ ಬಂದಿತ್ತು: "ಅಪ್ಪ ಬೆಳಿಗ್ಗೆ ಹೋದ. ಸಂಜೀಕ ಮಣ್ಣು ಮಾಡ್ತೀವಿ." ಬಂದರಿಗೆ ಆರು ದಿನದ ದಾರಿ. ಕೆಸರನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ನೀವು ಹೋಗಿ ಮಲಗಿ ಎಂದರು ಅವರು. ನಾನು ಬೇಡ ಎಂದೆ.

ಆ ಆಳದ ಆರ್ಕಿಯಾಗಳಿಗೆ ಆಮ್ಲಜನಕ ವಿಷ. ಗಾಳಿ ತಾಗದಂತೆ ಗಾಜಿನ ಪೆಟ್ಟಿಗೆಯೊಳಗೆ ನೈಟ್ರೋಜನ್ ತುಂಬಿ, ಅದಕ್ಕೆ ಜೋಡಿಸಿದ ರಬ್ಬರ್ ಕೈಗವಸುಗಳಲ್ಲಿ ಕೈ ತೂರಿಸಿ, ಕೆಸರನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಸೀಸೆಗೆ ತುಂಬಬೇಕು. ಪಕ್ಕದ ಮೀಟರು ಆಮ್ಲಜನಕ ಎಷ್ಟಿದೆ ಎಂದು ತೋರಿಸುತ್ತದೆ. ಸೊನ್ನೆ ಇದ್ದರೆ ಕೆಲಸ ಸರಿ. ಸಂಜೆಯವರೆಗೂ ಸೊನ್ನೆಯೇ ಇತ್ತು. ಅಲ್ಲಿ ಊರಲ್ಲಿ ಅಪ್ಪನಿಗೆ ವಿಭೂತಿ ಹಚ್ಚಿ ಕೂರಿಸಿರುತ್ತಾರೆ, ಈಗ ಎತ್ತಿರುತ್ತಾರೆ, ಈಗ ಮಣ್ಣು ಹಾಕುತ್ತಿರುತ್ತಾರೆ ಎಂದುಕೊಳ್ಳುತ್ತ ಕತ್ತರಿಸಿದೆ. ಅವನಿಗೆ ಸಾಲದೆ ಹೋದದ್ದನ್ನೇ ನಾನು ಇಡೀ ದಿನ ಹೊರಗೆ ತಳ್ಳುತ್ತ ನಿಂತಿದ್ದೆ. ಕಣ್ಣೀರು ಬರಲಿಲ್ಲ. ಬಂದಿದ್ದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹೊಸಪೇಟೆ ಸ್ಟೇಷನ್ನಿಗೆ ತಮ್ಮ ಬಂದಿದ್ದ. ಬ್ಯಾಗು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದವನು ನಿಂತ.

"ಹಡಗು ತಿರುಗಸಾಕ ಬರ್ತಿರ್ಲಿಲ್ಲೇನಕ್ಕ?"

"ಇಲ್ಲಪ್ಪ, ಹಂಗೆಲ್ಲ ತಿರುಗಸಂಗಿಲ್ಲ."

"ಕೇಳಿದ್ಯೇನು?"

ನಾನು ಕೇಳಿರಲಿಲ್ಲ. ಕೇಳಿದ್ದರೂ ತಿರುಗುತ್ತಿರಲಿಲ್ಲ, ಅದು ನಿಜ. ಆದರೆ ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಮುಖ ನೋಡಿ ಅವನಿಗೆ ಉತ್ತರ ತಿಳಿಯಿತು. ಅಲ್ಲಿಂದ ಎರಡು ವರ್ಷ ಅವನು ನನ್ನೊಂದಿಗೆ ಬೇಕಾದಷ್ಟಕ್ಕೆ ಮಾತ್ರ ಮಾತಾಡಿದ.

ಅವ್ವ ಬೈಯಲಿಲ್ಲ. ಅಪ್ಪನ ಕೊನೆಯ ದಿನಗಳನ್ನು ಒಂದೊಂದಾಗಿ ಹೇಳಿದಳು. ನೋಡಲು ಬಂದ ಗಣಿಯ ಹಳೆಯ ಗೆಳೆಯರಿಗೆಲ್ಲ ಅವನು ಸಂಡೂರಿನ ಗುಡ್ಡ ಸಮುದ್ರವಾಗಿತ್ತು ಎಂದು, ಎರಡು ಮಾತಿಗೊಮ್ಮೆ ಉಸಿರು ಹಿಡಿಯುತ್ತ, ವಿವರಿಸುತ್ತಿದ್ದನಂತೆ. ಅವರು ಹೊರಗೆ ಹೋಗಿ, ಜ್ವರ ತಲೆಗೇರಿದೆ ಎಂದುಕೊಂಡಿದ್ದರಂತೆ. "ನಾನೂ ಹಂಗ ತಿಳ್ಕೊಂಡಿದ್ದೆ" ಎಂದಳು ಅವ್ವ. "ಖರೇನೇನು ಅದು?"

"ಖರೇನಬೇ."

ಆಗ ಅವಳು ಅತ್ತಳು.

ಡಾಕ್ಟರೇಟ್ ಬಂತು. ಹೊಸಪೇಟೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಅವ್ವನನ್ನಾದರೂ ಕಡಲಿಗೆ ಕರೆದೊಯ್ಯೋಣ ಎಂದರೆ, "ಅವ್ರು ನೋಡದ್ದು ನನಗ್ಯಾಕ? ಬ್ಯಾಡ" ಎಂದುಬಿಟ್ಟಳು. ಮತ್ತೆ ಕೇಳಲು ಧೈರ್ಯವಾಗಲಿಲ್ಲ.

ಗಣಿಗಳು ಮತ್ತೆ ತೆರೆದಾಗ ತಮ್ಮ ಸಂಡೂರಿನಲ್ಲೇ ಟಿಪ್ಪರ್ ಓಡಿಸಲು ಸೇರಿದ. ಧೂಳಿನ ಮಾಸ್ಕ್ ಕೊಂಡು ಕೊಟ್ಟೆ, ಹಾಕಲಿಲ್ಲ. ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸು ಎಂದು ಕಾಡಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಕಳೆದ ಬೇಸಿಗೆಯಲ್ಲಿ ತಾನಾಗಿಯೇ ಬಂದು, "ನಡಿ, ತಗಸೋಣು" ಎಂದ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸದ್ಯಕ್ಕೆ ಖಚಿತವಾಗಿ ಏನೂ ಹೇಳಲಾಗದು, ಆರು ತಿಂಗಳು ಬಿಟ್ಟು ಮತ್ತೆ ತೆಗೆಸಿ ಎಂದರು.

ಅಲ್ಲಿಂದ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ತಮ್ಮ ಫಿಲ್ಮಿನ ಕವರನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ.

"ಕಡೀ ದಿನ ಅಪ್ಪ ನಿನ್ನ ಕೇಳಿದ" ಎಂದ. "ಹಿಂದಿನ ವಾರ ಪೂರಾ, ಆಕಿಗೆ ಹೇಳಬ್ಯಾಡ, ಕೆಲಸ ಕೆಡತೈತಿ ಅಂತಿದ್ದ. ಅವತ್ತು ಮಾತ್ರ, ಫೋನ್ ಹಚ್ಚು ಅಂದ. ಹಚ್ಚಬೌದಿತ್ತಕ್ಕ. ಹಡಗಿನ ನಂಬರ್ ಇತ್ತು. ನೀ ಬಿಟ್ಟು ಹೋದಿ ಅನ್ನೋ ಸಿಟ್ಟಿನ್ಯಾಗ ಹಚ್ಚಲಿಲ್ಲ."

ಅವನ ಕೈ ಹಿಡಿದುಕೊಂಡೆ. ಅಪ್ಪನ ಕೈಯಂತೆಯೇ ಒರಟು, ಬೆರಳ ಸಂದಿಯಲ್ಲಿ ಗಣಿಯ ಕೆಂಪು ಧೂಳು. ಸಂಡೂರಿನ ಬಸ್ಸು ಬಂತು. ಎರಡನೇ ಪಾಳಿ ಇದೆ ಎಂದು ಅವನು ಎದ್ದ. ಕಿಟಕಿಯ ಪಕ್ಕ ಕೂತವನು ನನ್ನ ಕಡೆ ನೋಡಿ, "ಮನೀಗೆ ಹೋಗು, ಬಿಸಲೈತಿ" ಎಂದ.